ಚಿಕ್ಕ ವಯಸ್ಸಿನ ಲಕ್ವ, ಅದರ ಹಿಂದಿನ ಜ್ವರ: ಪದೇ ಪದೇ ಕೇಳುವ ಪ್ರಶ್ನೆಗಳು

ನರರೋಗ ವಾರ್ಡಿನ ರೌಂಡ್ಸ್ ಮುಗಿಸಿ ಹೊರಗೆ ಬಂದರೆ ಬಾಗಿಲಲ್ಲೇ ನಾಲ್ಕು ಜನ ಕಾಯುತ್ತಿರುತ್ತಾರೆ. ಒಳಗೆ ಮಲಗಿರುವವರ ವಯಸ್ಸು ಇಪ್ಪತ್ತೈದೋ ಮೂವತ್ತೋ ಆಗಿದ್ದರೆ ಪ್ರಶ್ನೆಗಳೂ ಜಾಸ್ತಿ, ಗಾಬರಿಯೂ ಜಾಸ್ತಿ. ಅವೇ ಪ್ರಶ್ನೆಗಳು ಆಮೇಲೆ ವಾಟ್ಸಾಪ್‌ನಲ್ಲಿ ಬರುತ್ತವೆ, ಮದುವೆ ಮನೆಯ ಊಟದ ಸಾಲಿನಲ್ಲೂ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಹಾಕಿದ್ದೇನೆ. ಬಿಪಿ, ಶುಗರ್‌ನಿಂದ ಬರುವ ಲಕ್ವದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಇದು ಸೋಂಕಿನಿಂದ ಬರುವ ಲಕ್ವದ ಬಗ್ಗೆ ಮಾತ್ರ.

## ಮೊದಲ ಅನುಮಾನಗಳು

ಲಕ್ವ ಹೊಡೆಯೋದು ವಯಸ್ಸಾದವರಿಗೆ ತಾನೇ? ನನ್ನ ತಮ್ಮನಿಗೆ ಇನ್ನೂ 28, ಬಿಪಿ ಇಲ್ಲ, ಶುಗರ್ ಇಲ್ಲ

ವಯಸ್ಸಾದವರಲ್ಲೇ ಜಾಸ್ತಿ, ನಿಜ. ಆದರೆ ಚಿಕ್ಕವರಿಗೆ ಬರುವುದೇ ಇಲ್ಲ ಅಂತಲ್ಲ. 45-50ರೊಳಗೆ ಬಂದರೆ ಅದನ್ನು ನಾವು ‘ಯಂಗ್ ಸ್ಟ್ರೋಕ್’ ಅಂತ ಬೇರೆಯಾಗಿ ನೋಡುತ್ತೇವೆ, ಯಾಕೆಂದರೆ ಕಾರಣಗಳ ಪಟ್ಟಿಯೇ ಬೇರೆ. ಚಿಕ್ಕವರಲ್ಲೂ ಬಿಪಿ, ಸಿಗರೇಟು ಇದ್ದೇ ಇರುತ್ತವೆ. ಅವುಗಳ ಜೊತೆಗೆ ಹೃದಯದ ವಾಲ್ವಿನ ತೊಂದರೆ, ಕುತ್ತಿಗೆಯ ರಕ್ತನಾಳ ಸೀಳುವುದು, ರಕ್ತ ಬೇಗ ಹೆಪ್ಪುಗಟ್ಟುವ ಗುಣ, ಮತ್ತೆ ಸೋಂಕು. ನಮ್ಮ ದೇಶದಲ್ಲಿ ಈ ಕೊನೆಯದನ್ನು ಮರೆಯುವ ಹಾಗಿಲ್ಲ. ಅದಕ್ಕೇ ನಾವು ಮೊದಲು ಕೇಳುವುದು ‘ಇತ್ತೀಚೆಗೆ ಜ್ವರ ಬಂದಿತ್ತಾ?’ ಅಂತ. ಮನೆಯವರು ‘ಅಯ್ಯೋ ಅದು ಮಾಮೂಲಿ ಜ್ವರ, ಅದಕ್ಕೂ ಇದಕ್ಕೂ ಏನು?’ ಅಂತಾರೆ. ಸಂಬಂಧ ಇರಬಹುದು.

ಸೋಂಕು ಎಲ್ಲೋ ಇರುತ್ತೆ. ಮೆದುಳಿಗೆ ಯಾಕೆ ಹೊಡೀಬೇಕು?

ಲಕ್ವ ಅಂದರೆ ಕೈಕಾಲಿನ ಕಾಯಿಲೆ ಅಲ್ಲ, ಮೆದುಳಿಗೆ ರಕ್ತ ಹೋಗುವ ದಾರಿಯ ಕಾಯಿಲೆ. ದಾರಿ ಕಟ್ಟಿಕೊಳ್ಳಬಹುದು ಅಥವಾ ಒಡೆಯಬಹುದು. ಸೋಂಕು ಎರಡನ್ನೂ ಮಾಡುತ್ತದೆ. ಹೃದಯದಲ್ಲಿ ಬೆಳೆದ ಸೋಂಕಿನ ತುಣುಕು ಕಿತ್ತುಕೊಂಡು ರಕ್ತದ ಜೊತೆ ತೇಲಿ ಬಂದು ಮೆದುಳಿನ ನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಥವಾ ಮೆದುಳಿನ ಪೊರೆಗೇ ಸೋಂಕು ತಗುಲಿ, ಆ ಕೀವಿನಲ್ಲಿ ಮುಳುಗಿದ ನಾಳಗಳ ಗೋಡೆ ಊದಿ ಒಳದಾರಿ ಸಣ್ಣದಾಗುತ್ತದೆ. ಜೋರು ಜ್ವರದಲ್ಲಿ ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲುತ್ತದೆ. ಕೆಲವು ಸಲ ನಾಳದ ಗೋಡೆ ಸವೆದು ಗುಳ್ಳೆಯಂತೆ ಉಬ್ಬಿ ಒಡೆಯುತ್ತದೆ. ಇನ್ನು ರಕ್ತ ವಾಪಸ್ ಹೋಗುವ ಸಿರೆಗಳ ಕಥೆ ಬೇರೆ, ಬಾಣಂತಿಯ ಪ್ರಶ್ನೆಯಲ್ಲಿ ಅದು ಬರುತ್ತದೆ.

ಹಾಗಾದ್ರೆ ಲಕ್ವ ಅಂಟುತ್ತಾ? ತಟ್ಟೆ ಲೋಟ ಬೇರೆ ಇಡಬೇಕಾ?

ಲಕ್ವ ಅಂಟುವುದಿಲ್ಲ. ತಟ್ಟೆ ಬೇರೆ ಇಟ್ಟು ಅವರ ಮನಸ್ಸು ನೋಯಿಸಬೇಡಿ. ಶ್ವಾಸಕೋಶದಲ್ಲೂ ಟಿಬಿ ಇದ್ದರೆ ಕೆಮ್ಮಿನ ಬಗ್ಗೆ ಸ್ವಲ್ಪ ಜಾಗ್ರತೆ ಬೇಕು, ಅಷ್ಟೇ. ಅದನ್ನು ನಿಮ್ಮ ಡಾಕ್ಟರೇ ಹೇಳುತ್ತಾರೆ.

ಬೆಳಿಗ್ಗೆ ಎದ್ದಾಗ ಬಾಯಿ ಸೊಟ್ಟ ಆಗಿತ್ತು. ಇದು ಲಕ್ವನಾ, ಗಾಳಿ ಹೊಡೆದದ್ದಾ?

ಹಣೆ ಸುಕ್ಕು ಮಾಡಿಸಿ ನೋಡಿ. ಮುಖ ಸೋತ ಕಡೆ ಹಣೆಯೂ ಸುಕ್ಕಾಗುತ್ತಿಲ್ಲ, ಕಣ್ಣೂ ಪೂರ್ತಿ ಮುಚ್ಚುತ್ತಿಲ್ಲ ಅಂದರೆ ಸಾಮಾನ್ಯವಾಗಿ ಅದು ಮುಖದ ನರದ ತೊಂದರೆ, ಬೆಲ್ಸ್ ಪಾಲ್ಸಿ ಅಂತಾರೆ. ಮೂರು ದಿನದೊಳಗೆ ಮಾತ್ರೆ ಶುರುವಾದರೆ ಚೆನ್ನಾಗಿ ಗುಣವಾಗುತ್ತದೆ. ಹಣೆ ಸರಿಯಾಗಿದೆ, ಬಾಯಿ ಮಾತ್ರ ವಾಲಿದೆ, ಜೊತೆಗೆ ಕೈ ಸೋತಿದೆ ಅಥವಾ ಮಾತು ತೊದಲುತ್ತಿದೆ ಅಂದರೆ ಲಕ್ವ ಅಂತಲೇ ತಿಳಿದು ಹೊರಡಿ. ಅನುಮಾನ ಇದ್ದರೂ ಹೊರಡಿ. ಮನೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಇದು.

ಮೊದಲು ನಾಟಿ ಔಷಧಿ ಕೊಡಿಸಿ ಆಮೇಲೆ ಆಸ್ಪತ್ರೆಗೆ ಹೋದ್ರೆ ಆಗಲ್ವಾ?

ಆಗಲ್ಲ. ಪಾರಿವಾಳದ ರಕ್ತ ಹಚ್ಚಿಸಿಕೊಂಡು ಮೂರನೇ ದಿನ ಬಂದವರನ್ನು ನಾನೇ ನೋಡಿದ್ದೇನೆ, ಬೈಯುವುದಕ್ಕೂ ಮನಸ್ಸು ಬರಲಿಲ್ಲ. ನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಲಕ್ಷಣ ಶುರುವಾದ ಗಳಿಗೆಯಿಂದ ಲೆಕ್ಕ, ಆಸ್ಪತ್ರೆ ತಲುಪಿದ ಗಳಿಗೆಯಿಂದಲ್ಲ. ದೊಡ್ಡ ನಾಳ ಕಟ್ಟಿದ್ದರೆ ತಂತಿ ಹಾಕಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆಯೂ ಇದೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದು. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ. ನುಂಗಲು ಬಾರದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ.

## ಒಂದೊಂದೇ ಕಾಯಿಲೆ

ತೊಂದರೆ ಹಾರ್ಟಿನಲ್ಲಿದೆ ಅಂತಾರೆ. ಕೈ ಬಿದ್ದಿದ್ದಕ್ಕೆ ಎಕೋ ಯಾಕೆ?

ನಮ್ಮ ಕಡೆ ಇದು ತುಂಬಾ ಮುಖ್ಯವಾದ ಕಾರಣ, ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಚಿಕ್ಕಂದಿನಲ್ಲಿ, ಐದರಿಂದ ಹದಿನೈದು ವರ್ಷದೊಳಗೆ, ಗಂಟಲು ನೋವು ಬಂದು ಕೆಲವು ವಾರದ ಮೇಲೆ ಮಂಡಿ, ಪಾದದ ಗಂಟಿನ ಕೀಲುಗಳು ಊದಿಕೊಂಡು ನೋಯುತ್ತವೆ. ಇದು ರುಮ್ಯಾಟಿಕ್ ಜ್ವರ. ಕೀಲು ನೋವು ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ. ಆದರೆ ಹೃದಯದ ವಾಲ್ವು ಹಾಳಾಗಿರುತ್ತದೆ, ಅದು ಯಾರಿಗೂ ಗೊತ್ತಿರುವುದಿಲ್ಲ. ಹಾಳಾದ ವಾಲ್ವಿನ ಮೇಲೆ ಬ್ಯಾಕ್ಟೀರಿಯಾ ಸುಲಭವಾಗಿ ಕೂರುತ್ತವೆ. ಹುಳುಕು ಹಲ್ಲಿನಿಂದ, ವಸಡಿನಿಂದ, ಚರ್ಮದ ಗಾಯದಿಂದ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಅಲ್ಲಿ ಗೂಡು ಕಟ್ಟುತ್ತವೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ನೋಡಿದರೆ ವಾಲ್ವಿನ ಅಂಚಿಗೆ ಸಣ್ಣ ತುಣುಕೊಂದು ಅಂಟಿಕೊಂಡು, ಪ್ರತಿ ಬಡಿತಕ್ಕೂ ಗಾಳಿಪಟದ ಬಾಲದ ಹಾಗೆ ಅತ್ತಿತ್ತ ಒಲೆಯುತ್ತಿರುತ್ತದೆ. ಆ ಒಲೆದಾಟ ನೋಡಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅದು ಕಿತ್ತು ಹೊರಟರೆ ಮುಂದಿನ ನಿಲ್ದಾಣ ಮೆದುಳಾಗಬಹುದು.

ಇದರ ಹೆಸರು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್. ಚಿಕಿತ್ಸೆ ಅಂದರೆ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಆಂಟಿಬಯಾಟಿಕ್, ಕೆಲವರಿಗೆ ವಾಲ್ವಿನ ಆಪರೇಷನ್. ಸರಿಯಾದ ಔಷಧಿ ಶುರುವಾದ ಒಂದೆರಡು ವಾರದಲ್ಲೇ ಮತ್ತೊಂದು ತುಣುಕು ಹಾರುವ ಅಪಾಯ ಚೆನ್ನಾಗಿ ಇಳಿಯುತ್ತದೆ.

ಜ್ವರಕ್ಕೆ ಮೆಡಿಕಲ್ ಶಾಪಲ್ಲೇ ಆಂಟಿಬಯಾಟಿಕ್ ತಗೊಂಡ್ವಿ. ಅದರಲ್ಲೇನು ತಪ್ಪು?

ಒಬ್ಬ ಹುಡುಗಿ, ಇಪ್ಪತ್ತಾರು ವರ್ಷ. ಒಂದೂವರೆ ತಿಂಗಳಿಂದ ಸಂಜೆ ಸಂಜೆ ಜ್ವರ, ಮೈಕೈ ನೋವು. ಮೆಡಿಕಲ್‌ನಲ್ಲಿ ಐದು ದಿನದ ಮಾತ್ರೆ, ಜ್ವರ ಬಿಟ್ಟಿತು. ವಾರಕ್ಕೆ ಮತ್ತೆ ಬಂತು, ಮತ್ತೆ ಮಾತ್ರೆ. ಹೀಗೆ ಮೂರು ಸಲ. ಒಂದು ದಿನ ಪಾತ್ರೆ ತೊಳೆಯುವಾಗ ಚೊಂಬು ಬಲಗೈಯಿಂದ ಜಾರಿತು. ಬಗ್ಗಿ ಎತ್ತಿಕೊಂಡಳು, ಮತ್ತೆ ಜಾರಿತು. ಅಮ್ಮ ‘ಯಾಕೇ?’ ಅಂದರೆ ಉತ್ತರ ಹೇಳಲು ಬಾಯಿ ತೆರೆದಳು, ಮಾತು ಬರಲಿಲ್ಲ.

ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಮರ್ಮರ್, ಅಂದರೆ ಕೆಟ್ಟ ವಾಲ್ವಿನ ಸದ್ದು, ಸ್ಪಷ್ಟವಾಗಿ ಕೇಳಿಸುತ್ತಿತ್ತು. ಒಂದೂವರೆ ತಿಂಗಳಲ್ಲಿ ಯಾರೂ ಎದೆಗೆ ಕಿವಿ ಕೊಟ್ಟಿರಲಿಲ್ಲ. ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿದೆವು, ಏನೂ ಬೆಳೆಯಲಿಲ್ಲ. ಅರ್ಧಂಬರ್ಧ ಆಂಟಿಬಯಾಟಿಕ್ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಅಡಗಿಸಿಬಿಡುತ್ತದೆ, ವಾಲ್ವಿನ ಮೇಲಿನ ಗೂಡನ್ನು ಮುಟ್ಟುವುದಿಲ್ಲ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೆ ನಾವು ಅಂದಾಜಿನ ಮೇಲೆ ಔಷಧಿ ಕೊಡಬೇಕಾಗುತ್ತದೆ. ತಪ್ಪು ಅಂದರೆ ಇದೇ. ಎರಡು ವಾರ ದಾಟಿದ ಜ್ವರಕ್ಕೆ, ಮುಖ್ಯವಾಗಿ ವಾಲ್ವಿನ ತೊಂದರೆ ಇದೆ ಅಂತ ಮೊದಲೇ ಗೊತ್ತಿದ್ದರೆ, ಮಾತ್ರೆಗಿಂತ ಮೊದಲು ಕಲ್ಚರ್.

ಟಿಬಿ ಅಂದ್ರೆ ಕೆಮ್ಮು ಅಲ್ವಾ? ತಲೆಗೆ ಟಿಬಿ ಹೇಗೆ ಬರುತ್ತೆ?

ಟಿಬಿ ಉಗುರು, ಕೂದಲು ಬಿಟ್ಟು ಎಲ್ಲಿಗೆ ಬೇಕಾದರೂ ಬರುತ್ತದೆ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಮೆದುಳಿನ ಪೊರೆಗೆ ಬಂದರೆ ಅದು ಟಿಬಿ ಮೆನಿಂಜೈಟಿಸ್. ಕೆಮ್ಮು ಇಲ್ಲದೆಯೂ ಇರಬಹುದು. ಎರಡು ಮೂರು ವಾರ ಸಣ್ಣ ಜ್ವರ, ಬಿಡದ ತಲೆನೋವು, ವಾಂತಿ, ಊಟ ಬೇಡ, ಮಂಕು. ಮನೆಯವರು ‘ಪರೀಕ್ಷೆ ಟೆನ್ಷನ್’, ‘ಗ್ಯಾಸ್ಟ್ರಿಕ್’ ಅಂದುಕೊಳ್ಳುತ್ತಾರೆ. ಮೆದುಳಿನ ತಳದಲ್ಲಿ ಅಂಟಿನಂಥ ಕೀವು ಶೇಖರವಾಗುತ್ತದೆ. ಮೆದುಳಿನ ಆಳಕ್ಕೆ ಹೋಗುವ ಕೂದಲೆಳೆಯಂಥ ನಾಳಗಳು ಹಾದು ಹೋಗುವುದು ಸರಿಯಾಗಿ ಅಲ್ಲೇ. ಅವು ಉಸಿರುಗಟ್ಟಿದ ಹಾಗೆ ಮುಚ್ಚಿಕೊಳ್ಳುತ್ತವೆ, ಲಕ್ವ ಆಗುತ್ತದೆ.

ಮೆದುಳು, ಬೆನ್ನುಹುರಿಯ ಸುತ್ತಲಿನ ನೀರನ್ನು ಬೆನ್ನಿನಿಂದ ತೆಗೆದು, ಟಿಬಿ ಬ್ಯಾಕ್ಟೀರಿಯಾದ ಗುರುತು ಹುಡುಕುವ ಸಿಬಿನಾಟ್ ಪರೀಕ್ಷೆ ಮಾಡುತ್ತಾರೆ. ಅದು ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅಂತಲ್ಲ, ಲಕ್ಷಣ ಮತ್ತು ಸ್ಕ್ಯಾನ್ ನೋಡಿ ಔಷಧಿ ಶುರು ಮಾಡುವುದೂ ಉಂಟು. ಒಂಬತ್ತರಿಂದ ಹನ್ನೆರಡು ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟದ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ಬರುತ್ತದೆ, 2024ರ ನವೆಂಬರ್‌ವರೆಗೆ ಅದು 500 ಇತ್ತು. ಬ್ಯಾಂಕ್ ಖಾತೆಯ ವಿವರ ಕೊಡಲು ಮರೆಯಬೇಡಿ.

ನಾವು ಮೊಟ್ಟೆ ಕೂಡ ಮುಟ್ಟಲ್ಲ. ತಲೆಯಲ್ಲಿ ಹಂದಿ ಹುಳ ಅಂದ್ರೆ ಹೇಗೆ ನಂಬೋದು?

ಈ ಪ್ರಶ್ನೆ ಕೇಳುವಾಗ ಹಲವರಿಗೆ ಸಿಟ್ಟು ಬಂದಿರುತ್ತದೆ. ಹಂದಿ ಮಾಂಸ ಸರಿಯಾಗಿ ಬೇಯಿಸದೆ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಆ ಹುಳುವಿನ ಮೊಟ್ಟೆ ಅವರ ಮಲದ ಮೂಲಕ ಮಣ್ಣಿಗೆ, ನೀರಿಗೆ, ತೊಳೆಯದ ಕೈಗೆ ಸೇರುತ್ತದೆ. ಅಲ್ಲಿಂದ ಹಸಿ ಕ್ಯಾರೆಟ್, ಕೊತ್ತಂಬರಿ ಸೊಪ್ಪಿನ ಮೇಲೆ ನಿಮ್ಮ ತಟ್ಟೆಗೆ. ಮೆದುಳಿನಲ್ಲಿ ಗುಳ್ಳೆಯಾಗುವುದು ಮಾಂಸ ತಿಂದಿದ್ದರಿಂದಲ್ಲ, ಈ ಮೊಟ್ಟೆ ಹೊಟ್ಟೆಗೆ ಹೋದದ್ದರಿಂದ. ಸಾಮಾನ್ಯವಾಗಿ ಫಿಟ್ಸ್ ಬರುತ್ತದೆ. ಗುಳ್ಳೆಗಳು ಮೆದುಳಿನ ತಳದ ನಾಳಗಳ ಸುತ್ತ ಇದ್ದರೆ ಆಗ ಲಕ್ವವೂ ಬರಬಹುದು, ಅದು ಅಪರೂಪ. ಒಂದೇ ಎಚ್ಚರಿಕೆ: ‘ಹುಳದ ಮಾತ್ರೆ ತಾನೇ’ ಅಂತ ಆಲ್ಬೆಂಡಜೋಲ್ ನೀವೇ ನುಂಗಬೇಡಿ. ಹುಳ ಸಾಯುವಾಗ ಮೆದುಳು ಊದುತ್ತದೆ, ಅದಕ್ಕೆ ಮೊದಲೇ ಸ್ಟೀರಾಯ್ಡ್ ರಕ್ಷಣೆ ಬೇಕು.

ಕಣ್ಣಿನ ಹತ್ರ ಸರ್ಪಸುತ್ತು ಆಗಿ ವಾಸಿಯಾಯ್ತು. ಒಂದೂವರೆ ತಿಂಗಳಿಗೆ ಲಕ್ವ. ಸರ್ಪದ ಶಾಪ ಅಂತಾರೆ

ಶಾಪ ಅಲ್ಲ, ವೈರಸ್. ಚಿಕ್ಕಂದಿನಲ್ಲಿ ‘ಅಮ್ಮ’ ಬಂದಿತ್ತಲ್ಲ, ಅದೇ ವೈರಸ್ ನರದ ಬುಡದಲ್ಲಿ ವರ್ಷಾನುಗಟ್ಟಲೆ ಮಲಗಿದ್ದು ಸರ್ಪಸುತ್ತಾಗಿ ಏಳುತ್ತದೆ. ಹಣೆ, ಕಣ್ಣಿನ ಭಾಗದ ನರವೇ ಮೆದುಳಿನ ನಾಳಗಳಿಗೂ ಎಳೆಗಳನ್ನು ಕಳಿಸುತ್ತದೆ. ವೈರಸ್ ಆ ಎಳೆ ಹಿಡಿದು ನಾಳದ ಗೋಡೆಗೆ ಹೋಗುತ್ತದೆ. ಗುಳ್ಳೆ ಒಣಗಿದ ಎಷ್ಟೋ ವಾರದ ಮೇಲೆ ಲಕ್ವ ಬರುವುದು ಹೀಗೆ. ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ, ತಲೆ ಬಾಲ ಕೂಡದಂತೆ ಕಾಯುವ ಬದಲು ಮೊದಲ ಮೂರು ದಿನದೊಳಗೆ ಅಸೈಕ್ಲೋವಿರ್ ಮಾತ್ರೆ ಶುರು ಮಾಡಿಸಿ. ಮಂತ್ರವೂ ಬೇಕೇ ಬೇಕು ಅಂದರೆ ಮಾತ್ರೆ ನುಂಗಿದ ಮೇಲೆ ಹಾಕಿಸಿ, ನನ್ನ ತಕರಾರಿಲ್ಲ.

ಸಿಫಿಲಿಸ್, ಎಚ್‌ಐವಿ ಟೆಸ್ಟ್ ಬರೆದಿದ್ದಾರೆ. ನಮ್ಮ ಹುಡುಗ ಅಂಥವನಲ್ಲ ಡಾಕ್ಟ್ರೇ

ಅಂಥವನು ಇಂಥವನು ಅಂತ ನೋಡಿ ಬರೆಯುವುದಲ್ಲ. ಚಿಕ್ಕ ವಯಸ್ಸಿನ ಲಕ್ವ ಅಂದರೆ ಎಲ್ಲರಿಗೂ ಬರೆಯುತ್ತೇವೆ. ಸಿಫಿಲಿಸ್ ಮೆದುಳಿನ ನಾಳಗಳನ್ನು ಕೆಡಿಸುತ್ತದೆ ಅಂತ ಜರ್ಮನಿಯ ವೈದ್ಯ ಹಾಯ್ಬ್ನರ್ 1874ರಲ್ಲೇ ವಿವರಿಸಿದ್ದರು. ಮೊದಲ ಹುಣ್ಣು ನೋವಿಲ್ಲದೆ ಬಂದು ತಾನೇ ಮಾಯುತ್ತದೆ. ಲಕ್ವ ಬರುವುದು ಎಷ್ಟೋ ವರ್ಷದ ಮೇಲೆ, ಆಗ ಹುಣ್ಣು ನೆನಪಲ್ಲೂ ಇರುವುದಿಲ್ಲ. ಈ ಟೆಸ್ಟ್ ಬಿಡಬಾರದು ಅನ್ನುವುದಕ್ಕೆ ಕಾರಣ ಸರಳ: ಟೆಸ್ಟ್ ಅಗ್ಗ, ಮತ್ತು ಕಾಯಿಲೆಗೆ ಖಚಿತವಾದ ಔಷಧಿ ಇದೆ. ಎರಡು ವಾರ ಪೆನಿಸಿಲಿನ್. ಎಚ್‌ಐವಿ ಇದ್ದರೂ ಎಆರ್‌ಟಿ ಕೇಂದ್ರದಲ್ಲಿ (ಎಚ್‌ಐವಿ ಚಿಕಿತ್ಸಾ ಕೇಂದ್ರ) ಔಷಧಿ ಉಚಿತ. ವರದಿಯನ್ನು ಕಾರಿಡಾರಿನಲ್ಲಿ ಕೂಗಿ ಹೇಳುವ ಹಕ್ಕು ಯಾರಿಗೂ ಇಲ್ಲ, ಹಾಗೆ ಮಾಡಿದರೆ ದೂರು ಕೊಡಿ.

ಹೆರಿಗೆಯಾಗಿ ಹದಿನೈದು ದಿನ. ತಲೆನೋವು ಅಂತಿದ್ಲು, ಫಿಟ್ಸ್ ಬಂತು, ಒಂದು ಕಡೆ ಬಿದ್ದುಹೋಯ್ತು. ದೃಷ್ಟಿನಾ?

ಮೆದುಳಿನಿಂದ ರಕ್ತ ವಾಪಸ್ ಹೋಗುವ ಸಿರೆಯಲ್ಲಿ ಹೆಪ್ಪು ಕಟ್ಟಿರಬಹುದು. ಬಾಣಂತಿಯರಲ್ಲಿ ಇದು ಎಷ್ಟು ಬರುತ್ತದೆ ಅಂದರೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ದಶಕಗಳಿಂದ ಬರೆದಿದ್ದಾರೆ. ಹೆರಿಗೆ ಹೊತ್ತಿಗೆ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಗರ್ಭಕೋಶದ ಅಥವಾ ಹೊಲಿಗೆಯ ಸೋಂಕು, ರಕ್ತಹೀನತೆ. ಇವುಗಳ ಜೊತೆಗೆ ನಮ್ಮ ಅಜ್ಜಿಯರ ಒಂದು ಪದ್ಧತಿ, ಬಾಣಂತಿಗೆ ನೀರು ಕೊಡದಿರುವುದು. ‘ಹೊಟ್ಟೆ ಬರುತ್ತೆ, ಶೀತ ಆಗುತ್ತೆ’ ಅಂತ ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸುತ್ತಾರೆ. ಬಾಣಂತನದ ಎಣ್ಣೆ ಸ್ನಾನ, ಮೆಂತ್ಯದ ಲೇಹ್ಯ ಇರಲಿ, ಚೆನ್ನಾಗಿಯೇ ಇರುತ್ತದೆ. ನೀರು ಮಾತ್ರ ಬಾಯಾರಿದಷ್ಟೂ ಕೊಡಿ. ಬಿಡದ ತಲೆನೋವು, ಜ್ವರ, ವಾಂತಿ ಇದ್ದರೆ ನಲವತ್ತು ದಿನ ಕಳೆಯಲಿ ಅಂತ ಕಾಯಬೇಡಿ.

ಮೂಗಿನ ಪಕ್ಕದ ಮೊಡವೆ ಹಿಸುಕಿದ್ರೆ ಮೆದುಳಿಗೆ ಹೋಗುತ್ತಂತೆ, ನಿಜಾನಾ?

ಅಪರೂಪ, ಆದರೆ ಸುಳ್ಳಲ್ಲ. ಮೂಗು ಮತ್ತು ಮೇಲ್ದುಟಿಯ ಭಾಗದ ಸಿರೆಗಳು ಕಣ್ಣಿನ ಹಿಂದಿನ ಸಿರೆಯ ಚೀಲಕ್ಕೆ ಸೇರುತ್ತವೆ. ಕೀವು ಆ ದಾರಿಯಲ್ಲಿ ಹೋದರೆ ಕಣ್ಣು ಊದಿ ಮುಂದೆ ಬರುತ್ತದೆ, ರೆಪ್ಪೆ ಜೋತುಬೀಳುತ್ತದೆ, ಜೋರು ಜ್ವರ. ವರ್ಷಗಟ್ಟಲೆ ಸೋರುವ ಕಿವಿಯಿಂದಲೂ ಪಕ್ಕದ ಸಿರೆಗೆ ಸೋಂಕು ಹೋಗಬಹುದು. ಕಿವಿಗೆ ಬಿಸಿ ಎಣ್ಣೆ ಬಿಡುವುದು ಅದಕ್ಕೆ ಪರಿಹಾರ ಅಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನೋಡಿದ ಕಪ್ಪು ಶಿಲೀಂಧ್ರದ ದಾರಿಯೂ ಹೆಚ್ಚುಕಡಿಮೆ ಇದೇ. ಮೂಗಿನಿಂದ ಕಣ್ಣಿನ ಹಿಂದಕ್ಕೆ, ಅಲ್ಲಿಂದ ಮೆದುಳಿನ ದೊಡ್ಡ ನಾಳಕ್ಕೆ. ಶುಗರ್ ಹಿಡಿತದಲ್ಲಿಲ್ಲದವರಲ್ಲಿ ಅದನ್ನು ಈಗಲೂ ನೋಡುತ್ತೇವೆ.

ಕೋವಿಡ್, ಡೆಂಗ್ಯೂ ಬಂದ್ರೂ ಲಕ್ವ ಆಗುತ್ತಾ?

ಆಗಬಹುದು, ಬಹುಪಾಲು ಜನರಿಗೆ ಆಗುವುದಿಲ್ಲ. 2020ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆ ಸಮೂಹದಲ್ಲಿ ಎರಡು ವಾರದೊಳಗೆ 50ರ ಕೆಳಗಿನ ಐದು ಕೋವಿಡ್ ರೋಗಿಗಳಿಗೆ ದೊಡ್ಡ ನಾಳ ಕಟ್ಟಿ ಲಕ್ವ ಆದದ್ದು ಆಗ ಸುದ್ದಿಯಾಗಿತ್ತು. ಡೆಂಗ್ಯೂದಲ್ಲಿ ಪ್ಲೇಟ್ಲೆಟ್ ಇಳಿದು ಮೆದುಳಿನಲ್ಲಿ ರಕ್ತ ಸೋರುವ ಭಯ ಜಾಸ್ತಿ. ಡೆಂಗ್ಯೂ ಅನುಮಾನ ಇದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ ಅನ್ನುವುದು ಇದಕ್ಕೇ.

## ಆಸ್ಪತ್ರೆಯೊಳಗಿನ ಪ್ರಶ್ನೆಗಳು

ಬೆನ್ನಿನಿಂದ ನೀರು ತೆಗೆದ್ರೆ ಸೊಂಟ ಬಿದ್ದುಹೋಗುತ್ತಂತೆ, ಸಹಿ ಹಾಕಲ್ಲ

ಸೂಜಿ ಹಾಕುವ ಜಾಗದಲ್ಲಿ ಬೆನ್ನುಹುರಿ ಇರುವುದೇ ಇಲ್ಲ, ಅದು ಮೇಲೆಯೇ ಮುಗಿದಿರುತ್ತದೆ. ಅಲ್ಲಿರುವುದು ನೀರಲ್ಲಿ ತೇಲುವ ನರದ ಎಳೆಗಳು. ತೆಗೆಯುವುದು ಒಂದೆರಡು ಚಮಚ ನೀರು, ದೇಹ ಅದನ್ನು ಕೆಲವು ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ಟಿಬಿನಾ, ಸರ್ಪಸುತ್ತಿನ ವೈರಸ್ಸಾ, ಸಿಫಿಲಿಸಾ ಅಂತ ತಿಳಿಯುವ ಮುಖ್ಯ ಪರೀಕ್ಷೆ ಇದೇ. ಸಹಿಗೆ ಎರಡು ದಿನ ಎಳೆದಾಡಿದರೆ ಚಿಕಿತ್ಸೆಯೂ ಎರಡು ದಿನ ಹಿಂದೆ ಬೀಳುತ್ತದೆ.

ಒಂದೇ ಗಂಟೆಯಲ್ಲಿ ಆಸ್ಪತ್ರೆ ಸೇರಿದ್ವಿ. ಆದ್ರೂ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಲಿಲ್ಲ

ಹೃದಯದ ಸೋಂಕಿನ ಅನುಮಾನ ಇದ್ದರೆ ಅದನ್ನು ಕೊಡುವುದಿಲ್ಲ. ಅಲ್ಲಿಂದ ಬಂದದ್ದು ಬರೀ ಹೆಪ್ಪಲ್ಲ, ಬ್ಯಾಕ್ಟೀರಿಯಾ ತುಂಬಿದ ತುಣುಕು. ಅದು ಕೂತ ಜಾಗದಲ್ಲಿ ನಾಳದ ಗೋಡೆ ಮೆತ್ತಗಾಗಿರುತ್ತದೆ. ಕರಗಿಸುವ ಔಷಧಿ ಹೋದರೆ ಮೆದುಳಿನಲ್ಲಿ ರಕ್ತ ಸುರಿಯುವ ಅಪಾಯ ಜಾಸ್ತಿ. ಕೆಲವರಲ್ಲಿ ತಂತಿ ಹಾಕಿ ಎಳೆಯುವ ಚಿಕಿತ್ಸೆ ಮಾಡಬಹುದು. ಅದಕ್ಕೇ ಕ್ಯಾಶುವಾಲಿಟಿಯಲ್ಲಿ ‘ಒಂದು ತಿಂಗಳಿಂದ ಜ್ವರ ಇದೆ’ ಅನ್ನುವ ಒಂದು ಮಾತು ಮುಚ್ಚಿಡಬೇಡಿ. ಆ ಮಾತಿನ ಮೇಲೆ ಚಿಕಿತ್ಸೆಯೇ ತಿರುಗುತ್ತದೆ.

ತಲೆಯಲ್ಲಿ ರಕ್ತ ಸೋರಿದೆ ಅಂತಾರೆ, ಮತ್ತೆ ರಕ್ತ ತೆಳು ಮಾಡೋ ಔಷಧಿ ಕೊಡ್ತಾರೆ. ಬುದ್ಧಿ ಇದೆಯಾ?

ಬಾಣಂತಿಯ ಗಂಡ ನನ್ನ ಮುಖಕ್ಕೇ ಕೇಳಿದ ಪ್ರಶ್ನೆ, ನ್ಯಾಯವಾದದ್ದೇ. ಮೋರಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ ಅಂಗಳದಲ್ಲಿ ಉಕ್ಕುತ್ತದೆ, ಹಾಗೆ. ಸಿರೆ ಕಟ್ಟಿದ್ದರಿಂದ ಒತ್ತಡ ಏರಿ ರಕ್ತ ಸೋರಿದೆ. ಹೆಪರಿನ್ ಕೊಟ್ಟು ಹೆಪ್ಪು ಬೆಳೆಯದಂತೆ ತಡೆದರೆ ಒತ್ತಡ ಇಳಿದು ಸೋರುವುದೂ ನಿಲ್ಲುತ್ತದೆ. ಸಿರೆಯ ಹೆಪ್ಪಿಗೆ ಮಾತ್ರ ಈ ಲೆಕ್ಕ. ಬೇರೆ ರಕ್ತಸ್ರಾವಕ್ಕೆ ಇದನ್ನು ಹಚ್ಚಬೇಡಿ.

ಟಿಬಿ ಮಾತ್ರೆ ಶುರು ಮಾಡಿ ಮೂರು ವಾರಕ್ಕೆ ಲಕ್ವ ಬಂತು. ಮಾತ್ರೆಯಿಂದಲೇ ಆಯ್ತಾ? ನಿಲ್ಲಿಸಬೇಕಾ?

ನಿಲ್ಲಿಸಬೇಡಿ, ದಯವಿಟ್ಟು. ಬ್ಯಾಕ್ಟೀರಿಯಾ ಸಾಯುತ್ತಿದ್ದರೂ ನಾಳದ ಸುತ್ತಲಿನ ಉರಿಯೂತ ಇನ್ನೂ ಇರುತ್ತದೆ, ಕೆಲವು ಸಲ ಮೊದಲಿಗಿಂತ ಜಾಸ್ತಿಯೇ ಆಗುತ್ತದೆ. ಟಿಬಿ ಮಾತ್ರೆಯ ಜೊತೆ ಸ್ಟೀರಾಯ್ಡ್ ಕೊಡುವುದು ಅದಕ್ಕೇ. 2004ರಲ್ಲಿ ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟವರಲ್ಲಿ ಸಾವು ಕಡಿಮೆಯಾಗಿತ್ತು. ‘ಸ್ಟೀರಾಯ್ಡ್ ಕೆಟ್ಟದ್ದು’ ಅಂತ ಯಾರೋ ಹೇಳಿದರು ಅಂತ ಅದನ್ನು ಮಧ್ಯದಲ್ಲಿ ಬಿಟ್ಟು ಬಂದವರ ಸ್ಥಿತಿ ಕಷ್ಟವಾಗುತ್ತದೆ. ಇನ್ನೊಂದು ವಿಷಯ: ಟಿಬಿಯ ರಿಫಾಂಪಿಸಿನ್ ಮಾತ್ರೆ ರಕ್ತ ತೆಳು ಮಾಡುವ ವಾರ್ಫರಿನ್ನಿನ ಬಲ ಕುಗ್ಗಿಸುತ್ತದೆ, ಗರ್ಭನಿರೋಧಕ ಮಾತ್ರೆಯ ಬಲವನ್ನೂ ಕುಗ್ಗಿಸುತ್ತದೆ. ಇವೆರಡರಲ್ಲಿ ಯಾವುದನ್ನು ತೆಗೆದುಕೊಳ್ಳುತ್ತಿದ್ದರೂ ಮೊದಲೇ ಹೇಳಿ.

ಮೊದಲಿನ ಥರ ಆಗ್ತಾರಾ? ಪೆನಿಸಿಲಿನ್ ಇಂಜೆಕ್ಷನ್ ಇನ್ನೂ ಎಷ್ಟು ವರ್ಷ?

ಚಿಕ್ಕ ವಯಸ್ಸಿನ ಮೆದುಳು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಬದಲಾವಣೆ ಜಾಸ್ತಿ ಕಾಣುತ್ತದೆ, ಆಮೇಲೆ ನಿಧಾನ. ಫಿಸಿಯೋಥೆರಪಿ ಬಿಡಬಾರದು.

ಚೊಂಬು ಜಾರಿದ ಹುಡುಗಿ ಈಗ ಎಡಗೈಯಲ್ಲಿ ಬರೆಯುತ್ತಾಳೆ, ಬಲಗೈಯಲ್ಲಿ ಊಟ ಮಾಡುತ್ತಾಳೆ. ಮಾತು ಬಂದಿದೆ. ಸಿಟ್ಟು ಬಂದಾಗ ಮಾತ್ರ ತಡವರಿಸುತ್ತದೆ. ಗಂಟಲ ಸೋಂಕು ಮತ್ತೆ ಬಂದು ವಾಲ್ವು ಇನ್ನಷ್ಟು ಹಾಳಾಗದಿರಲಿ ಅಂತ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಇನ್ನೂ ಎಷ್ಟೋ ವರ್ಷ ಬೇಕು. ಹಲ್ಲು ಕೀಳಿಸುವ ಮುಂಚೆ ಬೇರೆ ಆಂಟಿಬಯಾಟಿಕ್ ಒಂದು ಡೋಸ್ ಬೇಕು, ಹಲ್ಲಿನ ಡಾಕ್ಟರಿಗೆ ತೋರಿಸಲು ಚೀಟಿ ಬರೆದು ಕೊಟ್ಟಿದ್ದೇನೆ. ಹೋದ ತಿಂಗಳು ಫೋನ್ ಮಾಡಿದ್ದಳು. ಇಂಜೆಕ್ಷನ್ ದಿನವೇ ತಂಗಿಯ ಮದುವೆಯಂತೆ, ಒಂದು ಸಲ ತಪ್ಪಿಸಿದರೆ ಪರವಾಗಿಲ್ವಾ ಅಂತ. ಹಿಂದಿನ ದಿನ ಬಂದು ಹಾಕಿಸಿಕೊಂಡು ಹೋಗು ಅಂದೆ. ‘ಅವತ್ತು ಮೆಹಂದಿ ಸಾರ್’ ಅಂದಳು. ಮೆಹಂದಿ ಕೈಗೆ, ಇಂಜೆಕ್ಷನ್ ಸೊಂಟಕ್ಕೆ, ಬಾ ಅಂದೆ. ಬಂದಳು.